ಹೊಟ್ಟೆಯ ಮೇಲಿಡುವ ಮಣ್ಣು ಎಲ್ಲಿಯದು? ಆಯುಷ್ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಗೆ,
ಆಯುಕ್ತರು,
ಆಯುಷ್ ಇಲಾಖೆ, ಕರ್ನಾಟಕ ಸರ್ಕಾರ,
ಬೆಂಗಳೂರು.

ವಿಷಯ: ಮಣ್ಣಿನ ಚಿಕಿತ್ಸೆಗೆ ಬಳಸುವ ಮಣ್ಣಿನ ಮೂಲ, ಪರೀಕ್ಷೆ ಮತ್ತು ಶುದ್ಧೀಕರಣದ ಬಗ್ಗೆ

ಮಾನ್ಯರೇ,

ಪ್ರಕೃತಿ ಚಿಕಿತ್ಸಾಲಯಕ್ಕೆ ಸೇರಿದವರಿಗೆ ಬೆಳಗ್ಗೆ ಬರಿಹೊಟ್ಟೆಯಲ್ಲಿ ಸಾಮಾನ್ಯವಾಗಿ ಮೊದಲು ಸಿಗುವುದು ಮಣ್ಣಿನ ಪಟ್ಟಿ. ಹೊಟ್ಟೆಯ ಮೇಲೊಂದು, ಕಣ್ಣಿನ ಮೇಲೊಂದು. ಎಣ್ಣೆ ಯಾವುದು, ಕಷಾಯದಲ್ಲಿ ಏನೇನಿದೆ ಎಂದು ವಿಚಾರಿಸುವ ರೋಗಿಯೂ ಮಣ್ಣಿನ ಬಗ್ಗೆ ಏನನ್ನೂ ಕೇಳುವುದಿಲ್ಲ. ಕೇಳಿದರೆ ‘ಹುತ್ತದ ಮಣ್ಣು’, ‘ಆಳದಿಂದ ತೆಗೆದದ್ದು’ ಎಂಬಷ್ಟೇ ಉತ್ತರ. ಯಾವ ಊರಿನ ಹುತ್ತ, ಪಕ್ಕದಲ್ಲಿ ಯಾವ ಬೆಳೆ, ಎಷ್ಟು ಆಳ, ಯಾವ ಪರೀಕ್ಷೆ ಆಗಿದೆ ಎಂಬುದು ಬೋರ್ಡಿನ ಮೇಲೆ ಇರುವುದಿಲ್ಲ.

ಈ ಪತ್ರ ಬರೆಯುತ್ತಿರುವ ನಮ್ಮಲ್ಲಿ ಪ್ರಕೃತಿ ಚಿಕಿತ್ಸೆ ಓದಿದವರಿದ್ದಾರೆ, ಮಣ್ಣುವಿಜ್ಞಾನ ಓದಿದವರೂ ಇದ್ದಾರೆ. ಮಣ್ಣಿನ ಚಿಕಿತ್ಸೆ ಉಳಿಯಲಿ ಎಂಬುದೇ ನಮ್ಮ ಆಸೆ. ಉಜಿರೆಯಲ್ಲಿ 1989ರಷ್ಟು ಹಿಂದೆಯೇ ಪ್ರಕೃತಿ ಚಿಕಿತ್ಸೆಯ ಕಾಲೇಜು ತೆರೆದ ರಾಜ್ಯ ನಮ್ಮದು. ಆದ್ದರಿಂದ ಮಣ್ಣಿಗೂ ಔಷಧದ ಕಚ್ಚಾವಸ್ತುವಿಗಿರುವ ಶಿಸ್ತು ಇಲ್ಲಿಂದಲೇ ಶುರುವಾಗಬೇಕು ಎಂದು ಕೇಳುತ್ತಿದ್ದೇವೆ.

ಮಣ್ಣು ಮಾಡುವುದೇನು ಎಂಬುದನ್ನು ಮೊದಲು ನೋಡೋಣ. ಒದ್ದೆ ಬಟ್ಟೆ ಬೇಗನೆ ಮೈಬಿಸಿಗೆ ಬಂದುಬಿಡುತ್ತದೆ. 25 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ, 2.5 ಸೆಂ.ಮೀ. ದಪ್ಪದ ಮಣ್ಣಿನ ಪಟ್ಟಿಯಲ್ಲಿ ಅರ್ಧ ಲೀಟರಿಗಿಂತ ಹೆಚ್ಚು ನೀರು ಇರುತ್ತದೆ. ಜೇಡಿಯ ಸೂಕ್ಷ್ಮ ಪದರಗಳು ಆ ನೀರು ಸೋರದಂತೆ ಹಿಡಿದಿಟ್ಟು, ನಿಧಾನವಾಗಿ ಆವಿಯಾಗಲು ಬಿಡುತ್ತವೆ. ಅದರಿಂದ ಚರ್ಮಕ್ಕೆ ಒಂದೇ ಹದದ ತಂಪು ಅರ್ಧ ಗಂಟೆ ಸಿಗುತ್ತದೆ. ಬಿಸಿ ಮಣ್ಣಿನದೂ ಇದೇ ಲೆಕ್ಕ, ಶಾಖವನ್ನು ತಡವಾಗಿ ಬಿಟ್ಟುಕೊಡುತ್ತದೆ. ಮಂಡಿಸವೆತದ ನೋವಿಗೆ ಬಿಸಿ ಮಣ್ಣು ಕೆಲವು ವಾರಗಳ ಮಟ್ಟಿಗೆ ಆರಾಮ ಕೊಟ್ಟದ್ದನ್ನು ಹಲವು ಅಧ್ಯಯನಗಳು ದಾಖಲಿಸಿವೆ. ಆ ಆರಾಮದಲ್ಲಿ ಶಾಖದ ಪಾಲೆಷ್ಟು, ಮಣ್ಣಿನ ಪಾಲೆಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ.

‘ಮಣ್ಣು ದೇಹದ ವಿಷವನ್ನು ಹೀರುತ್ತದೆ’ ಎಂಬ ಫಲಕವನ್ನು ಮಾತ್ರ ಗೋಡೆಯಿಂದ ಇಳಿಸಬೇಕು. ಬೆಂಟೊನೈಟ್ ಜೇಡಿಯನ್ನು ದನಕರು, ಕೋಳಿಗಳ ಮೇವಿಗೆ ಬೆರೆಸಿದರೆ ಅದು ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಅನ್ನು ಹಿಡಿದಿಡುತ್ತದೆ, ನಿಜ. ಆದರೆ ಅದು ನಡೆಯುವುದು ಹೊಟ್ಟೆಯೊಳಗೆ, ಮೇವಿನ ಜತೆ. ಚರ್ಮದ ಮೇಲಿಟ್ಟ ಮಣ್ಣು ರಕ್ತದಿಂದ ವಿಷ ಎಳೆಯುತ್ತದೆ ಎನ್ನಲು ಆಧಾರವಿಲ್ಲ. ‘ರೋಗಾಣು ಕೊಲ್ಲುತ್ತದೆ’ ಎಂಬ ಮಾತೂ ಎಲ್ಲ ಮಣ್ಣಿಗೆ ಒಪ್ಪುವುದಿಲ್ಲ. ಅಮೆರಿಕದ ಅರಿಜೋನಾದ ಸಂಶೋಧಕರು ಫ್ರಾನ್ಸಿನ ಎರಡು ಹಸಿರು ಜೇಡಿಗಳನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಖನಿಜದ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಒಂದು ಬ್ಯಾಕ್ಟೀರಿಯಾಗಳನ್ನು ಕೊಂದಿತು, ಇನ್ನೊಂದರಲ್ಲಿ ಅವು ಚೆನ್ನಾಗಿ ಬೆಳೆದವು. ಬಣ್ಣ, ನುಣುಪು ನೋಡಿ ಮಣ್ಣಿನ ಗುಣ ಹೇಳುವವರು ಈ ಫಲಿತಾಂಶವನ್ನು ಗಮನಿಸಬೇಕು.

ಈಗ ಮಣ್ಣಿನ ಆಯ್ಕೆ. ವಿಜಯಪುರ, ಕಲಬುರಗಿ, ಗದಗ, ಧಾರವಾಡದ ಎರೆಮಣ್ಣು ನೀರು ಕುಡಿದು ಉಬ್ಬುವ ಜಾತಿಯದು. ಪಟ್ಟಿಗೆ ಅದೇ ಒಳ್ಳೆಯದು. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣು, ಹಳೇ ಮೈಸೂರಿನ ಕೆಮ್ಮಣ್ಣು ಅಷ್ಟು ನೀರು ಹಿಡಿಯುವುದಿಲ್ಲ, ಬೇಗ ಒಣಗುತ್ತವೆ. ಹುತ್ತದ ಮಣ್ಣನ್ನು ಜನ ಮೆಚ್ಚುವುದಕ್ಕೆ ತಕ್ಕ ಕಾರಣ ಇದೆ. ಗೆದ್ದಲು ಕೆಳಪದರದ ನುಣ್ಣನೆಯ ಜೇಡಿಯನ್ನೇ ಆರಿಸಿ, ಜೊಲ್ಲಿನಲ್ಲಿ ಅಂಟಿಸಿ ಮೇಲೆ ತರುತ್ತದೆ, ಕಲ್ಲು ಕಡಿಮೆ. ಆದರೆ ಅಡಿಕೆ, ತೆಂಗು, ಗೇರು ತೋಟಗಳಲ್ಲಿ ಗೆದ್ದಲು ಕೊಲ್ಲಲು ಕ್ಲೋರ್‌ಪೈರಿಫಾಸ್ ಅನ್ನು ಹುತ್ತದೊಳಗೇ ಸುರಿಯುತ್ತಾರೆ. ಅಂಥ ಹುತ್ತದ ಮಣ್ಣು ಚಿಕಿತ್ಸೆಗೆ ಸಲ್ಲದು. ಪೂಜೆಯ ಹುತ್ತವನ್ನಂತೂ ಯಾರೂ ಮುಟ್ಟಬೇಕಿಲ್ಲ. ದೇವಸ್ಥಾನಗಳಲ್ಲಿ ಪ್ರಸಾದವಾಗಿ ಕೊಡುವ ಮೃತ್ತಿಕೆ ನಂಬಿಕೆಯ ವಿಷಯ, ಈ ಪತ್ರದ ವ್ಯಾಪ್ತಿಗೆ ಅದು ಸೇರಿಲ್ಲ.

ಎಲ್ಲಿಂದ ತೆಗೆಯಬಾರದು ಎಂಬುದು ಎಲ್ಲಿಂದ ತೆಗೆಯಬೇಕು ಎಂಬುದಕ್ಕಿಂತ ಮುಖ್ಯ. ಅಡಿಕೆ ತೋಟಕ್ಕೆ ಕೊಳೆರೋಗ ತಡೆಯಲು ವರ್ಷವರ್ಷವೂ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ದಶಕಗಳಿಂದ ಹೀಗೆ ಬಿದ್ದ ತಾಮ್ರ ಮೇಲ್ಪದರದಲ್ಲೇ ಕೂತಿರುತ್ತದೆ. ಹತ್ತಿ ಬೆಳೆದ ಎರೆಹೊಲದಲ್ಲಿ ಕೀಟನಾಶಕದ ಉಳಿಕೆ ಇರಬಹುದು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ ಸುತ್ತ ಗೇರು ತೋಪುಗಳ ಮೇಲೆ ಎಂಡೋಸಲ್ಫಾನ್ ಸುರಿದ ಚರಿತ್ರೆಯನ್ನು ತಮಗೆ ಹೇಳಬೇಕಾದ್ದಿಲ್ಲ. ರಾಯಚೂರು, ಯಾದಗಿರಿಯ ಚಿನ್ನದ ಶಿಲಾಪಟ್ಟಿಯಲ್ಲಿ ಆರ್ಸೆನಿಕ್ ಕಲ್ಲಿನಲ್ಲೇ ಇದೆ, ಕೆಲವು ಊರುಗಳ ಅಂತರ್ಜಲಕ್ಕೂ ಇಳಿದಿದೆ. ಕೋಲಾರ ಚಿನ್ನದ ಗಣಿಯ ಸಯನೈಡ್ ದಿಬ್ಬಗಳ ಆಸುಪಾಸು, ಚರಂಡಿ ನೀರು ಸೇರುವ ನಗರದ ಕೆರೆಗಳ ಹೂಳು, ಹೆದ್ದಾರಿಯ ಅಂಚು, ಕಾರ್ಖಾನೆಯ ಹಿತ್ತಲು, ಹಳೆ ತಿಪ್ಪೆ, ಸ್ಮಶಾನ ಯಾವುದೂ ಬೇಡ. ಕೆರೆ ಹೂಳು ನುಣ್ಣಗಿರುತ್ತದೆ, ಪುಕ್ಕಟೆ ಸಿಗುತ್ತದೆ. ಅದೇ ಅದರ ಅಪಾಯ.

ಇಲ್ಲೊಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ‘ಮಣ್ಣು ಪರೀಕ್ಷೆ ಮಾಡಿಸಿದ್ದೇವೆ’ ಎಂದು ತೋರಿಸುವುದು ಕೃಷಿ ಇಲಾಖೆಯ ಮಣ್ಣು ಆರೋಗ್ಯ ಚೀಟಿಯನ್ನು. 2015ರಲ್ಲಿ ಶುರುವಾದ ಆ ಚೀಟಿಯಲ್ಲಿ 12 ಅಂಶಗಳಿವೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಜೋಳಕ್ಕೆ ಎಷ್ಟು ಗೊಬ್ಬರ ಹಾಕಬೇಕು ಎಂದು ಅದು ಹೇಳುತ್ತದೆ. ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸ, ಕೀಟನಾಶಕ, ರೋಗಾಣು ಇವುಗಳಲ್ಲಿ ಒಂದೂ ಅದರಲ್ಲಿಲ್ಲ. ಲೋಹಗಳಿಗೆ ಮಣ್ಣನ್ನು ಆಮ್ಲದಲ್ಲಿ ಕರಗಿಸಿ ಬೇರೆ ಯಂತ್ರದಲ್ಲಿ ಅಳೆಯಬೇಕು, ಅದಕ್ಕೆ ಬೇರೆ ಪ್ರಯೋಗಾಲಯವೇ ಬೇಕು.

ಮಿತಿ ಎಷ್ಟಿರಬೇಕು ಎಂಬ ಪ್ರಶ್ನೆ ಸುಲಭದ್ದಲ್ಲ. ಸೌಂದರ್ಯವರ್ಧಕಗಳ ಬಣ್ಣಕ್ಕೆ ನಮ್ಮ ಕಾನೂನಿನಲ್ಲಿ ಆರ್ಸೆನಿಕ್ 2 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಎರಡು ಪಾಲು), ಸೀಸ 20 ಪಿಪಿಎಂ ಎಂಬ ಮಿತಿ ಇದೆ. ಅದನ್ನೇ ಮಣ್ಣಿಗೆ ಅಂಟಿಸಿದರೆ ಬಹುತೇಕ ಮಣ್ಣುಗಳು ನಪಾಸಾಗುತ್ತವೆ, ಏಕೆಂದರೆ ಯಾವ ದೋಷವೂ ಇಲ್ಲದ ಸಾಮಾನ್ಯ ಮಣ್ಣಿನಲ್ಲೇ ಆರ್ಸೆನಿಕ್ ಸರಾಸರಿ 5 ಪಿಪಿಎಂ ಆಸುಪಾಸು ಇರುತ್ತದೆ. ಖನಿಜದೊಳಗೆ ಬಿಗಿಯಾಗಿ ಕೂತ ಲೋಹ ಬೇರೆ, ಬೆವರಿಗೆ ಕರಗಿ ಬರುವ ಲೋಹ ಬೇರೆ. ಒಟ್ಟು ಪ್ರಮಾಣದ ಜತೆಗೆ, ಕೃತಕ ಬೆವರಿನಲ್ಲಿ ನೆನೆಸಿದಾಗ ಎಷ್ಟು ಹೊರಬರುತ್ತದೆ ಎಂಬುದನ್ನೂ ಅಳೆದು ಮಿತಿ ಗೊತ್ತುಮಾಡಬೇಕು. ಆ ಕೆಲಸಕ್ಕೆ ಕೃಷಿ ವಿಶ್ವವಿದ್ಯಾಲಯಗಳ ಮಣ್ಣುವಿಜ್ಞಾನಿಗಳನ್ನೂ ಚರ್ಮ ವೈದ್ಯರನ್ನೂ ಕೂರಿಸಿ. ಮಿತಿ ಗೊತ್ತಾಗುವವರೆಗೆ ಪ್ರತಿ ಆಸ್ಪತ್ರೆಯೂ ತನ್ನ ಮಣ್ಣಿನ ಅಂಕಿಗಳನ್ನು ಗೋಡೆಗೆ ಹಚ್ಚಲಿ.

ತಯಾರಿಯ ವಿಷಯಕ್ಕೆ ಬಂದರೆ, ಮೇಲಿನ 60 ಸೆಂ.ಮೀ.ನಿಂದ 1 ಮೀಟರ್‌ವರೆಗಿನ ಪದರವನ್ನು ಪಕ್ಕಕ್ಕೆ ಸರಿಸಿ, ಅದರ ಕೆಳಗಿನದನ್ನು ತೆಗೆಯಬೇಕು. ಬೇರು, ಗೊಬ್ಬರ, ಕೊಕ್ಕೆಹುಳುವಿನ ಮರಿ, ಬಹುಪಾಲು ಸೂಕ್ಷ್ಮಜೀವಿಗಳು ಇರುವುದು ಮೇಲ್ಪದರದಲ್ಲೇ. ಗುಂಡಿ ತೋಡಿದ ಜಾಗ, ದಿನಾಂಕ, ಆಳ ಬರೆದಿಡಬೇಕು. ಸಿಮೆಂಟ್ ಕಣದ ಮೇಲೆ ಅಥವಾ ತಾಡಪಾಲಿನ ಮೇಲೆ ಹರಡಿ ಹೆಂಟೆ ಒಡೆದು ಒಣಗಿಸಬೇಕು. ಬರಿ ನೆಲದ ಮೇಲೆ ಒಣಹಾಕಿದರೆ ಬೆಕ್ಕು, ನಾಯಿ, ಕೋಳಿಯ ಹಿಕ್ಕೆ ಸೇರಿ ಆಳದಿಂದ ತೆಗೆದ ಶ್ರಮವೆಲ್ಲ ವ್ಯರ್ಥ.

ಒಣ ಮಣ್ಣನ್ನು ಜರಡಿ ಹಿಡಿಯುವುದು ವಾಡಿಕೆ. ಎರೆಮಣ್ಣಿಗೆ ಅದಕ್ಕಿಂತ ನೀರಿನಲ್ಲಿ ಕದಡಿ ತಿಳಿಗೊಳಿಸುವ ವಿಧಾನ ಮೇಲು. ರಾತ್ರಿಯಿಡೀ ನೆನೆಸಿ, ಬೆಳಗ್ಗೆ 30 ಸೆಂ.ಮೀ. ಆಳದ ನೀರಿನಲ್ಲಿ ಚೆನ್ನಾಗಿ ಕದಡಿ, ಎರಡೂವರೆ ನಿಮಿಷ ಬಿಟ್ಟು, ಮೇಲಿನ ಬಗ್ಗಡವನ್ನು ಬೇರೆ ಪಾತ್ರೆಗೆ ಬಗ್ಗಿಸಬೇಕು. ಅಷ್ಟರಲ್ಲಿ ಮರಳು, ಸುಣ್ಣದ ಹರಳು ತಳ ಸೇರಿರುತ್ತವೆ. ಬಗ್ಗಡ ತಿಳಿಯಾದ ಮೇಲೆ ನೀರು ಚೆಲ್ಲಿ ಜೇಡಿಯನ್ನು ಒಣಗಿಸಿ ಪುಡಿ ಮಾಡಬೇಕು. ಎರೆಯಲ್ಲಿ ಸುಣ್ಣದ ಹರಳು ಸಾಮಾನ್ಯ. ಅದು ಉಳಿದುಬಿಟ್ಟರೆ ಹಚ್ಚುವಾಗ ಚರ್ಮ ಗೀರುತ್ತದೆ, ಗೀರಿದ ಚರ್ಮದಿಂದಲೇ ಸೋಂಕು ಒಳಹೋಗುತ್ತದೆ.

ಅತಿ ಹೆಚ್ಚು ಲೋಪವಾಗುವುದು ಶುದ್ಧೀಕರಣದಲ್ಲಿ. ಬಿಸಿಲಿಗೆ ಹಾಕಿದರೆ ಸಾಕು ಎನ್ನುವವರಿದ್ದಾರೆ. ಬಿಸಿಲಿಗೆ ಎಷ್ಟೋ ಜೀವಿಗಳು ಸಾಯುತ್ತವೆ, ಧನುರ್ವಾಯುವಿನ ಬೀಜಕಣ ಸಾಯುವುದಿಲ್ಲ. ಕುದಿಯುವ ನೀರನ್ನೂ ಅದು ತಾಳಿಕೊಳ್ಳುತ್ತದೆ. ಮಣ್ಣನ್ನು ಬಟ್ಟೆಚೀಲಗಳಲ್ಲಿ 5 ಸೆಂ.ಮೀ. ಮೀರದ ದಪ್ಪಕ್ಕೆ ತುಂಬಿ, ತುಸು ತೇವ ಮಾಡಿ, ಒತ್ತಡದ ಹಬೆಯಲ್ಲಿ ರೋಗಾಣು ಕೊಲ್ಲುವ ಯಂತ್ರವಾದ ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಡಬೇಕು. 24 ಗಂಟೆ ಬಿಟ್ಟು ಮತ್ತೊಮ್ಮೆ. ನಡುವಿನ ಒಂದು ದಿನದಲ್ಲಿ ಉಳಿದ ಬೀಜಕಣಗಳು ಮೊಳೆಯುತ್ತವೆ, ಎರಡನೇ ಸುತ್ತಿನಲ್ಲಿ ಸಾಯುತ್ತವೆ. ಇಡೀ ಚೀಲ ಒಮ್ಮೆಗೇ ತುರುಕಿದರೆ ಮಧ್ಯಕ್ಕೆ ಶಾಖ ತಲುಪುವುದಿಲ್ಲ. ಆಟೋಕ್ಲೇವ್ ಇಲ್ಲದಲ್ಲಿ ಒಣಪುಡಿಯನ್ನು ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಓವನ್ನಿನಲ್ಲಿ 160 ಡಿಗ್ರಿಗೆ 2 ಗಂಟೆ. ಗಡಿಯಾರ ನೋಡಬೇಕಾದ್ದು ಮಣ್ಣೇ ಆ ಬಿಸಿಗೆ ಬಂದ ಮೇಲೆ. ಬಾಣಲೆಯಲ್ಲಿ ಕೆಂಪಗೆ ಹುರಿಯುವುದೂ ತಪ್ಪು: 500 ಡಿಗ್ರಿ ದಾಟಿದರೆ ಜೇಡಿಯ ಪದರ ಮುರಿದು ಅದು ಇಟ್ಟಿಗೆಪುಡಿ ಆಗುತ್ತದೆ, ಮತ್ತೆಂದೂ ನಾದಿಕೊಳ್ಳುವುದಿಲ್ಲ. ಒಂದು ಮಾತು ನೆನಪಿರಲಿ, ಬೆಂಕಿ ರೋಗಾಣುವನ್ನು ಕೊಲ್ಲುತ್ತದೆ, ಸೀಸ-ಆರ್ಸೆನಿಕ್‌ಗೆ ಅದರಿಂದ ಏನೂ ಆಗುವುದಿಲ್ಲ.

‘ಗಾಂಧೀಜಿ ಇಷ್ಟೆಲ್ಲ ಮಾಡಿದ್ದರೇ?’ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಜರ್ಮನಿಯ ಪ್ರಕೃತಿ ಚಿಕಿತ್ಸಕ ಅಡಾಲ್ಫ್ ಜಸ್ಟ್‌ನನ್ನು ಓದಿ ಮಣ್ಣಿನ ಪಟ್ಟಿಗೆ ಒಲಿದ ಗಾಂಧೀಜಿ, ಗೊಬ್ಬರ ಹಾಕಿದ ನೆಲದ ಮಣ್ಣು ಬೇಡ, ನುಣ್ಣಗೆ ಪುಡಿಮಾಡಿ ಜರಡಿ ಹಿಡಿಯಿರಿ, ಶುದ್ಧಿಯ ಬಗ್ಗೆ ಅನುಮಾನವಿದ್ದರೆ ಚೆನ್ನಾಗಿ ಕಾಯಿಸಿ ಎಂದೇ ಬರೆದಿದ್ದಾರೆ. ಅವರ ಹೆಸರು ಹೇಳುವವರು ಅವರ ಜರಡಿಯನ್ನೂ ಬೆಂಕಿಯನ್ನೂ ಇಟ್ಟುಕೊಳ್ಳಲಿ.

ಕಲಸುವ ಅಳತೆ ಹೀಗೆ: ಮೇಲೆ ಹೇಳಿದ ಗಾತ್ರದ ಪಟ್ಟಿಗೆ ಎರೆಪುಡಿ ಸುಮಾರು 900 ಗ್ರಾಂ, ಕುದಿಸಿ ಆರಿಸಿದ ನೀರು 600 ಮಿಲಿ. ಕೆಮ್ಮಣ್ಣಾದರೆ 1 ಕಿಲೋಗೆ 350ರಿಂದ 400 ಮಿಲಿ ಸಾಕು. ಚಪಾತಿ ಹಿಟ್ಟಿಗಿಂತ ಸಡಿಲ, ದೋಸೆ ಹಿಟ್ಟಿಗಿಂತ ಬಹಳ ಗಟ್ಟಿ ಇರಬೇಕು. ನೀರು ಹೆಚ್ಚಾದರೆ ಪಕ್ಕೆಗೆ ಹರಿಯುತ್ತದೆ, ಕಡಿಮೆಯಾದರೆ ಮಧ್ಯದಲ್ಲಿ ಬಿರುಕುಬಿಟ್ಟು ತಂಪು ಒಡೆಯುತ್ತದೆ. ಎಂಟು ಗಂಟೆಯಾದರೂ ಮುಚ್ಚಿ ನೆನೆಸಿಡಬೇಕು, ಇಲ್ಲವಾದರೆ ಒಳಗೆ ಒಣ ಗಂಟುಗಳು ಉಳಿಯುತ್ತವೆ. ಆದರೆ ಒಂದು ದಿನಕ್ಕಿಂತ ಹೆಚ್ಚು ಇಡಬಾರದು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿಯಿಲ್ಲದೆ ಬ್ಯಾಕ್ಟೀರಿಯಾ ಬೆಳೆದಿದೆ ಎಂದರ್ಥ, ತಿಪ್ಪೆಗೆ ಹಾಕಿ.

ಕಲಸಿದ ಪಟ್ಟಿ ಒಂದೂವರೆ ಕಿಲೋ ತೂಗುತ್ತದೆ. ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರಿಗೆ, ಹರ್ನಿಯಾ ಇರುವವರಿಗೆ, ಬಸುರಿಯರಿಗೆ ಅದು ಬೇಡ. ಊಟವಾಗಿ ಮೂರು ಗಂಟೆ ಕಳೆದಿರಬೇಕು. ಮಣ್ಣನ್ನು ತೆಳು ಹತ್ತಿಬಟ್ಟೆಯಲ್ಲಿ ಸುತ್ತಿ ಇಡಿ, 20ರಿಂದ 30 ನಿಮಿಷ ಸಾಕು. ಒಣಗುವವರೆಗೆ ಬಿಡುವ ಅಭ್ಯಾಸ ಕೆಟ್ಟದ್ದು, ಒಣಗುವ ಜೇಡಿ ಕುಗ್ಗಿ ಚರ್ಮವನ್ನೂ ಕೂದಲನ್ನೂ ಎಳೆಯುತ್ತದೆ. ಚಳಿ ಇರುವವರಿಗೆ, ದಮ್ಮು ಎದ್ದಾಗ ತಣ್ಣನೆಯ ಪಟ್ಟಿ ಹಾಕಬಾರದು. ಕಣ್ಣಿಗಿಡುವ ಪಟ್ಟಿ ಅರ್ಧ ಅಂಗುಲ ದಪ್ಪವಿದ್ದರೆ ಸಾಕು, ಎರಡು ಪದರ ಬಟ್ಟೆ ಇರಲೇಬೇಕು, ಕಾಂಟ್ಯಾಕ್ಟ್ ಲೆನ್ಸ್ ತೆಗೆದಿರಬೇಕು. ಮಣ್ಣು-ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಕಣ್ಣಿನ ಮುಂಪದರವಾದ ಕಾರ್ನಿಯಾಕ್ಕೆ ಹತ್ತಿದರೆ ದೃಷ್ಟಿಯೇ ಹೋಗಬಹುದು.

ಬಿಸಿ ಮಣ್ಣಿಗೆ 40ರಿಂದ 42 ಡಿಗ್ರಿ. ಕೈಯಿಂದ ಮುಟ್ಟಿ ನೋಡಿದರೆ ಸಾಲದು: ಅಷ್ಟೇ ಬಿಸಿಯ ನೀರಿಗಿಂತ ಮಣ್ಣು ತಣ್ಣಗಿದ್ದಂತೆ ಅನಿಸುತ್ತದೆ, ಮೇಲ್ಮೈ ಆರಿದ್ದರೂ ಒಳಗೆ ಕಾದಿರುತ್ತದೆ. ಥರ್ಮಾಮೀಟರನ್ನು ಮಧ್ಯಕ್ಕೇ ಚುಚ್ಚಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಬಿಸಿ ಮಣ್ಣು ಕಟ್ಟಲೇಬಾರದು, ಸುಟ್ಟದ್ದು ಅವರಿಗೆ ತಿಳಿಯುವುದು ಬೊಬ್ಬೆ ಎದ್ದ ಮೇಲೆ.

ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಕರಾವಳಿಗೆ ಇನ್ನೂ ಒಂದು ಎಚ್ಚರಿಕೆ ಬೇಕು. ಮೆಲಿಯೊಯಿಡೋಸಿಸ್ ಎಂಬ ಸೋಂಕು ರೋಗ ತರುವ ಬ್ಯಾಕ್ಟೀರಿಯಾ ಒದ್ದೆ ಮಣ್ಣಿನ ವಾಸಿ. ಉಡುಪಿ, ದಕ್ಷಿಣ ಕನ್ನಡದಲ್ಲಿ ಮಳೆಗಾಲದಲ್ಲಿ ಅದರ ಪ್ರಕರಣಗಳು ಕಾಣಿಸುತ್ತಲೇ ಇವೆ, ಮಧುಮೇಹಿಗಳಲ್ಲಿ ಹೆಚ್ಚು. ಚಿಕ್ಕ ಗಾಯ ಸಾಕು, ಒಳಸೇರಿ ಶ್ವಾಸಕೋಶ, ಯಕೃತ್ತಿನಲ್ಲಿ ಕೀವು ಕಟ್ಟಿ ಜೀವಕ್ಕೇ ಎರವಾಗಬಹುದು. ಜುಲೈ ತಿಂಗಳ ‘ಕೆಸರಿನಲ್ಲಿ ಮಿಂದೇಳಿ’ ಎಂಬ ರೆಸಾರ್ಟ್ ಜಾಹೀರಾತುಗಳನ್ನು ಈ ಬೆಳಕಿನಲ್ಲಿ ಓದಬೇಕು. ಹತ್ತಾರು ಜನ ಒಂದೇ ಗುಂಡಿಗೆ ಇಳಿಯುವ ಮಣ್ಣುಸ್ನಾನಕ್ಕೆ ಚಿಕಿತ್ಸೆ ಎಂಬ ಹೆಸರನ್ನೇ ಕೊಡಬಾರದು. ಮೈಗೆಲ್ಲ 3 ಮಿ.ಮೀ. ದಪ್ಪ ಹಚ್ಚಲು ಒಬ್ಬರಿಗೆ ಸುಮಾರು 7 ಕಿಲೋ ಕಲಸಿದ ಮಣ್ಣು ಸಾಕು. ಅದನ್ನು ಅವರವರಿಗೆ ಬೇರೆಯಾಗಿ ಕೊಡುವುದು ದೊಡ್ಡ ಹೊರೆಯಲ್ಲ.

ಮಣ್ಣನ್ನು ಮತ್ತೆ ಬಳಸುವುದೇಕೆ ಎಂಬುದೂ ನಮಗೆ ಗೊತ್ತು. ದಿನಕ್ಕೆ 50 ಹೊಟ್ಟೆಪಟ್ಟಿ ಎಂದರೆ 45 ಕಿಲೋ ಒಣಪುಡಿ, ವರ್ಷದ 300 ದಿನಕ್ಕೆ 13 ಟನ್ ಮೀರುತ್ತದೆ. ಅಷ್ಟು ಮಣ್ಣನ್ನು ಪ್ರತಿ ಸಲ ಹೊಸದಾಗಿ ತೋಡಿ ಎಂದರೆ ಗುಡ್ಡವೇ ಕರಗುತ್ತದೆ. ಆದ್ದರಿಂದ ಬಟ್ಟೆಯಲ್ಲಿ ಸುತ್ತಿಟ್ಟ ಮಣ್ಣನ್ನು ಮತ್ತೆ ಎರಡು ಸುತ್ತು ಆಟೋಕ್ಲೇವ್ ಮಾಡಿ ಬಳಸಲಿ. ನೇರವಾಗಿ ಚರ್ಮಕ್ಕೆ ಹಚ್ಚಿದ್ದರಲ್ಲಿ ಬೆವರು, ಎಣ್ಣೆ, ಸತ್ತ ಚರ್ಮ ಸೇರಿರುತ್ತದೆ, ಅದು ಹೂವಿನ ಗಿಡಕ್ಕೆ ಹೋಗಲಿ. ತೊಳೆದ ನೀರಿಗೆ ತಿಳಿಗುಂಡಿ ಇಲ್ಲದಿದ್ದರೆ ಒಳಚರಂಡಿ ಕಟ್ಟಿಕೊಳ್ಳುತ್ತದೆ, ಅದು ಬೇರೆ ಫಜೀತಿ.

ತೆರೆದ ಗಾಯ, ಸುಟ್ಟ ಗಾಯ, ಹಾವು ಕಚ್ಚಿದ ಜಾಗ, ಹಸುಗೂಸಿನ ಹೊಕ್ಕುಳು ಇವುಗಳಿಗೆ ಮಣ್ಣು ಯಾವ ಕಾರಣಕ್ಕೂ ಬೇಡ. ತಾಯಿ-ಶಿಶು ಧನುರ್ವಾಯುವನ್ನು ಭಾರತ ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ, ಅಷ್ಟು ತಡವಾಗಿ. ಸುಟ್ಟಾಗ 20 ನಿಮಿಷ ಹರಿಯುವ ತಣ್ಣೀರು ಹಿಡಿದು ಆಸ್ಪತ್ರೆಗೆ ಹೋಗುವುದೇ ಸರಿ.

ಕೊನೆಗೆ ಮಣ್ಣು ತಿನ್ನುವ, ಕುಡಿಯುವ ವಿಷಯ. ಬಸುರಿಯರು ಕೆಮ್ಮಣ್ಣಿನ ಹೆಂಟೆ, ಒಲೆಯ ಮಣ್ಣು, ಬಳಪ ತಿನ್ನುವುದನ್ನು ಬಯಕೆ ಎಂದು ಬಿಟ್ಟುಬಿಡುತ್ತೇವೆ. ಹಲವು ಸಲ ಅದು ಕಬ್ಬಿಣದ ಕೊರತೆಯ ಲಕ್ಷಣ. ತಿಂದ ಜೇಡಿ ಇದ್ದಬದ್ದ ಕಬ್ಬಿಣವನ್ನೂ ಹಿಡಿದುಕೊಂಡು ಹೊರಹೋಗುತ್ತದೆ. ಚರಕ ಸಂಹಿತೆ ಪಾಂಡುರೋಗದ, ಅಂದರೆ ಮೈ ಬಿಳಿಚಿಕೊಳ್ಳುವ ರಕ್ತಹೀನತೆಯಂಥ ಕಾಯಿಲೆಯ, ಬಗೆಗಳಲ್ಲಿ ಮಣ್ಣು ತಿನ್ನುವುದರಿಂದ ಬರುವ ಪಾಂಡುವನ್ನೇ ಒಂದಾಗಿ ಎಣಿಸಿದೆ. ಪರಂಪರೆ ಎಂದು ಮಣ್ಣು ತಿನ್ನಿಸುವವರಿಗೆ ಪರಂಪರೆಯೇ ಕೊಟ್ಟ ಉತ್ತರ ಅದು. ಸರ್ಕಾರ ಉಚಿತವಾಗಿ ಕೊಡುವ 60 ಮಿಲಿಗ್ರಾಂ ಕಬ್ಬಿಣದ ಮಾತ್ರೆಯ ಜತೆ ಮಣ್ಣೂ ಹೊಟ್ಟೆಗಿಳಿದರೆ ಮಾತ್ರೆಯ ಫಲ ಅಷ್ಟಕ್ಕಷ್ಟೆ.

ಆನ್‌ಲೈನಿನಲ್ಲಿ ‘ಡಿಟಾಕ್ಸ್’ ಎಂದು ಮಾರುವ ಬೆಂಟೊನೈಟ್ ಪುಡಿಯದು ಹೊಸ ಕಾಟ. 2016ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಎರಡು ಉತ್ಪನ್ನಗಳಲ್ಲಿ ಸೀಸ ಹೆಚ್ಚಿದೆ, ಬಳಸಬೇಡಿ ಎಂದು ಎಚ್ಚರಿಸಿತು. ಭೇದಿಗೆ ಔಷಧವಾಗಿಯೇ ಶುದ್ಧೀಕರಿಸಿ ಮಾರುವ ಡಯೋಸ್ಮೆಕ್ಟೈಟ್ ಜೇಡಿಯನ್ನು ಕೂಡ, ಸೀಸದ ಅಂಶದ ಕಾರಣಕ್ಕೆ, ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ ಎಂದು ಫ್ರಾನ್ಸಿನ ಔಷಧ ನಿಯಂತ್ರಕರು 2019ರಲ್ಲಿ ಹೇಳಿದರು. ಔಷಧ ಕಾರ್ಖಾನೆಯ ಜೇಡಿಯ ಕಥೆಯೇ ಹೀಗಿರುವಾಗ ಫೇಸ್‌ಪ್ಯಾಕಿಗೆಂದು ತಂದ ಮುಲ್ತಾನಿ ಮಿಟ್ಟಿಯನ್ನು ಲೋಟಕ್ಕೆ ಹಾಕಿಕೊಳ್ಳುವವರಿಗೆ ಏನು ಹೇಳುವುದು? ಥೈರಾಯ್ಡ್ ಮಾತ್ರೆಯನ್ನೂ ಜೇಡಿ ಹೀರಿಕೊಳ್ಳಬಹುದು ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ಇಲಾಖೆಯಿಂದ ನಾವು ಬಯಸುವುದು ಎರಡು ಪುಟದ ಒಂದು ಸುತ್ತೋಲೆ. ತಂದ ಮಣ್ಣಿನ ಪ್ರತಿ ಕಂತಿಗೂ ಸಂಖ್ಯೆ, ತೋಡಿದ ಊರು ಮತ್ತು ಆಳ, ಲೋಹ ಪರೀಕ್ಷೆಯ ವರದಿ, ಆಟೋಕ್ಲೇವ್ ಮಾಡಿದ ದಿನಾಂಕ ಬರೆದ ಪುಸ್ತಕ ಇರಬೇಕು ಎಂಬುದು ಅದರ ಮೊದಲ ಪುಟ. ಯಾರಿಗೆ ಹಾಕಬಾರದು ಎಂಬ ಪಟ್ಟಿ, ಸಾಮೂಹಿಕ ಗುಂಡಿಯ ನಿಷೇಧ, ‘ಕುಡಿಯಲು, ತಿನ್ನಲು ಅಲ್ಲ’ ಎಂದು ಪೊಟ್ಟಣದ ಮೇಲೆ ಕನ್ನಡದಲ್ಲಿ ಅಚ್ಚು ಎರಡನೆಯದು. ಪ್ರಕೃತಿ ಚಿಕಿತ್ಸಾಲಯಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಹೇಗೂ ನೋಂದಣಿಯಾಗಬೇಕು. ನವೀಕರಣಕ್ಕೆ ಬಂದಾಗ ಆ ಪುಸ್ತಕವನ್ನು ಕೇಳಿದರೆ ಸಾಕು, ಹೊಸ ಕಾನೂನು ಬೇಕಿಲ್ಲ. ಆಶಾ ಕಾರ್ಯಕರ್ತೆಯರು ಬಸುರಿಯರ ಮನೆಗೆ ಹೋದಾಗ ಕೇಳುವ ಪ್ರಶ್ನೆಗಳಿಗೆ ‘ಮಣ್ಣು, ಬಳಪ ತಿನ್ನುತ್ತೀಯೇನಮ್ಮ?’ ಎಂಬ ಒಂದನ್ನು ಸೇರಿಸುವಂತೆ ಆರೋಗ್ಯ ಇಲಾಖೆಗೆ ತಾವೇ ಬರೆಯಬೇಕು.

ಖಾಸಗಿಯವರನ್ನು ಕೇಳುವ ಮೊದಲು ಸರ್ಕಾರಿ ಪ್ರಕೃತಿ ಚಿಕಿತ್ಸಾ ಆಸ್ಪತ್ರೆಗಳಲ್ಲಿ ಇದನ್ನು ಜಾರಿ ಮಾಡಿ, ಬರುವ ಮಳೆಗಾಲಕ್ಕೆ ಮುಂಚೆ. ಮಳೆ ಹಿಡಿದ ಮೇಲೆ ಮಣ್ಣು ತೋಡುವುದಕ್ಕೂ ಆಗುವುದಿಲ್ಲ, ಒಣಗಿಸುವುದಕ್ಕೂ ಆಗುವುದಿಲ್ಲ. ಆರು ತಿಂಗಳಿಗಾಗುವಷ್ಟು ಪುಡಿಯನ್ನು ಬೇಸಿಗೆಯಲ್ಲೇ ಮಾಡಿ ಮುಚ್ಚಿದ ಡ್ರಮ್ಮುಗಳಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.

ಇಂತಿ,
ಪ್ರಕೃತಿ ಚಿಕಿತ್ಸೆ ಹಾಗೂ ಮಣ್ಣುವಿಜ್ಞಾನ ಬಲ್ಲ ಕೆಲವರು